ಗೆರೆಯಾಚೆಯ ಹಿಮ್ಮಡಿ

"ಗುರುಗಳೇ, ಟಿವಿಯಲ್ಲಿ ಚಿತ್ರ ಹೆಚ್ಚು ಹೆಚ್ಚು ನಿಚ್ಚಳವಾಗುತ್ತಾ ಹೋದರೆ ಪರದೆಯೂ ದೊಡ್ಡದಾಗಬೇಕೇ? ದೊಡ್ಡದನ್ನೇ ಕೊಳ್ಳುವುದು ಸಾರ್ಥಕವೇ?"

ಕೇಳಿದವನು ಮರುಳಸಿದ್ಧ. ಮಠದ ವಿದ್ಯಾರ್ಥಿನಿಲಯದ ಉಸ್ತುವಾರಿ ಅವನದು. ಅಲ್ಲಿನ ಹಳೆಯ ಟಿವಿ ಕೆಟ್ಟುಹೋಗಿತ್ತು. ಭಕ್ತರೊಬ್ಬರು ಹೊಸದನ್ನು ಕೊಡಿಸುತ್ತೇನೆಂದು ಹೇಳಿ, ಆರಿಸುವ ಕೆಲಸವನ್ನು ಅವನಿಗೆ ಬಿಟ್ಟಿದ್ದರು. ಅಂಗಡಿ ಸುತ್ತಿ ಬಂದ ಮೇಲೆ ಅವನ ತಲೆ ಗೊಂದಲದ ಗೂಡಾಗಿತ್ತು. ಒಂದು ಕಡೆ ಚಿತ್ರ ಮೂಡಿಸುವ ಚುಕ್ಕಿಗಳ ಲೆಕ್ಕ ಹೇಳಿದ್ದರು. ಇನ್ನೊಂದು ಕಡೆ ಗೋಡೆಯಗಲದ ಪರದೆ ತೋರಿಸಿದ್ದರು.

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು.

"ಕೂತುಕೋ. ಒಬ್ಬ ಬೆಲ್ಲದ ವ್ಯಾಪಾರಿಗೂ ಈ ಪ್ರಶ್ನೆ ಬಂದಿತ್ತು. ಅವನ ಕತೆ ಹೇಳುತ್ತೇನೆ," ಎಂದರು.

ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಹೆಸರು ಚಿಕ್ಕಲಿಂಗೇಗೌಡ. ಸುತ್ತಲಿನ ಆಲೆಮನೆಗಳಿಂದ ಬೆಲ್ಲ ಕೊಂಡು ದೂರದ ಪೇಟೆಗಳಿಗೆ ಕಳಿಸುತ್ತಿದ್ದ. ಒಂದು ಅಚ್ಚನ್ನು ಮುರಿದು ಬೆಳಕಿಗೆ ಹಿಡಿದರೆ ಸಾಕು, ಪಾಕ ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಊರಿನಲ್ಲಿ ಅವನ ಮಾತಿಗೆ ತೂಕವಿತ್ತು. ಯಾವುದೇ ಜಗಳವಿರಲಿ, "ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಅವನು ಒಮ್ಮೆ ಹೇಳಿದರೆ ಅಲ್ಲಿಗೆ ಮುಗಿಯಿತು. ಯಾರೂ ಮರುಮಾತಾಡುತ್ತಿರಲಿಲ್ಲ. ಹೀಗೆ ಬಹಳ ಕಾಲ ನಡೆದದ್ದರಿಂದ, ತನ್ನ ಕಣ್ಣು ತಪ್ಪುವುದಿಲ್ಲ ಎಂದು ಅವನೂ ನಂಬಿದ್ದ.

ಅವನಿಗೆ ಕಬಡ್ಡಿಯ ಹುಚ್ಚು. ಊರಿನ ತಂಡವನ್ನು ಕಟ್ಟಿದವನೇ ಅವನು. ಹುಡುಗರಿಗೆ ಹಾಲು, ಮೊಟ್ಟೆ, ಬಟ್ಟೆ ಎಲ್ಲವೂ ಅವನ ಮನೆಯಿಂದಲೇ ಹೋಗುತ್ತಿತ್ತು. ಮಗಳು ಚಂದ್ರಕಲಾ ಚಿಕ್ಕವಳಿದ್ದಾಗ ಅವಳನ್ನೂ ಹೆಗಲ ಮೇಲೆ ಕೂರಿಸಿಕೊಂಡು ಅಂಕಣಕ್ಕೆ ಕರೆದೊಯ್ಯುತ್ತಿದ್ದ. ಆ ಮಗು ಮಣ್ಣಿನಲ್ಲೇ ಬೆಳೆಯಿತು. ದೊಡ್ಡವಳಾಗಿ ಚೆನ್ನಾಗಿ ಆಡಿದಳು. ಕಾಲೇಜಿನಲ್ಲಿದ್ದಾಗ ಮಂಡಿಗೆ ಏಟಾಗಿ ಆಟ ನಿಂತಿತು. ಆಡುವುದು ನಿಂತರೂ ಅಂಕಣ ಬಿಡಲಾರದೆ ಅಂಪೈರ್ ಪರೀಕ್ಷೆ ಬರೆದಳು. ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾದಳು. ರಜೆ ಬಂದರೆ ಸೀಟಿ ಕೊರಳಿಗೆ ಹಾಕಿಕೊಂಡು ಊರೂರಿಗೆ ಹೋಗಿ ಪಂದ್ಯ ಆಡಿಸುತ್ತಿದ್ದಳು. ಅವಳು ಆಡಿಸಿದ ಪಂದ್ಯದಲ್ಲಿ ಸೋತವರೂ ತಕರಾರು ತೆಗೆಯುವುದಿಲ್ಲ ಎಂಬ ಮಾತು ಸುತ್ತಲೂ ಹಬ್ಬಿತ್ತು. ಅದನ್ನು ಕೇಳಿದಾಗಲೆಲ್ಲ ವ್ಯಾಪಾರಿ ಮೀಸೆಯಡಿಯಲ್ಲಿ ನಗುತ್ತಿದ್ದ. ಅವಳ ಕಣ್ಣು ತನ್ನ ಕಣ್ಣೇ ಎಂದುಕೊಳ್ಳುತ್ತಿದ್ದ.

ಒಂದು ವರ್ಷ ಜಿಲ್ಲೆಯ ಪಂದ್ಯಾವಳಿ ಅವನ ಊರಿಗೇ ಬಂತು. ಅವನ ತಂಡ ಫೈನಲ್ ತಲುಪಿತು. ಅವತ್ತು ಬೆಳಿಗ್ಗೆ, ಬರಬೇಕಿದ್ದ ಅಂಪೈರ್ ಜ್ವರ ಬಂದು ಮಲಗಿದ್ದಾನೆಂದು ಸುದ್ದಿ ಬಂತು. ಚಂದ್ರಕಲಾ ಪಂದ್ಯ ನೋಡಲು ಊರಿಗೆ ಬಂದಿದ್ದಳು. ಎದುರು ತಂಡದವರೇ ಬಂದು, "ಅವರೇ ಆಡಿಸಲಿ, ನಮ್ಮದೇನೂ ಅಭ್ಯಂತರವಿಲ್ಲ," ಎಂದರು.

ಅವಳು ಅಪ್ಪನನ್ನು ಪಕ್ಕಕ್ಕೆ ಕರೆದಳು.

"ಬೇಡ ಅಪ್ಪ. ಬೇರೆ ಯಾರನ್ನಾದ್ರೂ ಕರೆಸು. ಆಡ್ತಾ ಇರೋದು ನಿನ್ನ ತಂಡ."

"ಅದಕ್ಕೇನೀಗ? ನಿನ್ನ ಕಣ್ಣಿಗೆ ಏನು ಕಾಣತ್ತೋ ಅದನ್ನ ಹೇಳು ಕಣವ್ವ. ನಾನು ಅಡ್ಡ ಬಂದೇನಾ?"

ಅವಳು ಒಪ್ಪಿದಳು.

ಪಂದ್ಯ ಸಮಸಮವಾಗಿ ನಡೆಯಿತು. ಕೊನೆಯ ರೈಡ್ ಉಳಿದಾಗ ಎರಡೂ ತಂಡಗಳ ಅಂಕ ಒಂದೇ ಇತ್ತು. ವ್ಯಾಪಾರಿಯ ತಂಡದ ಹುಡುಗ ಉಸಿರು ಹಿಡಿದು ಒಳಗೆ ಹೋದ. ಬದಿಯ ಗೆರೆಯ ಹತ್ತಿರ ಓಡಿ, ಮೈ ತಿರುಗಿಸಿ, ಒಬ್ಬನ ಹೆಗಲು ಮುಟ್ಟಿ, ಹಾರಿ ವಾಪಸು ಬಂದ. ಊರಿಗೆ ಊರೇ ಎದ್ದು ಕೂಗಿತು. ತಮಟೆಯವರು ಶುರು ಮಾಡಿಬಿಟ್ಟರು. ಗಣ್ಯರ ವೇದಿಕೆಯ ಮೇಲೆ ಕೂತಿದ್ದ ವ್ಯಾಪಾರಿ ಹೆಗಲ ಟವೆಲನ್ನು ಗಾಳಿಗೆ ಎಸೆದ.

ಆಗ ಸೀಟಿ ಕೇಳಿಸಿತು. ಚಂದ್ರಕಲಾ ಬದಿಯ ಗೆರೆಯ ಪಕ್ಕದಲ್ಲಿ ನಿಂತು ಕೈ ಎತ್ತಿದ್ದಳು. ಎದುರಾಳಿಯನ್ನು ಮುಟ್ಟುವ ಮೊದಲೇ ಹುಡುಗನ ಹಿಮ್ಮಡಿ ಗೆರೆಯಾಚೆಯ ನೆಲವನ್ನು ತಾಕಿತ್ತು. ಔಟ್.

ಆ ಒಂದು ಅಂಕದಿಂದ ಕಪ್ ಎದುರು ತಂಡಕ್ಕೆ ಹೋಯಿತು.

ವ್ಯಾಪಾರಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯಲಿಲ್ಲ. ನಿರೂಪಕನ ಕೈಯಿಂದ ಮೈಕ್ ಕಿತ್ತುಕೊಂಡ. "ನಾನು ಕಣ್ಣಾರೆ ಕಂಡಿದ್ದೇನೆ. ಕಾಲು ಗೆರೆ ದಾಟಿಲ್ಲ. ಈ ಹೆಣ್ಣು ಊರಿನ ಮಾನ ಕಳೆದಳು. ಇವಳು ನನ್ನ ಮಗಳೇ ಅಲ್ಲ," ಎಂದ. ಅವನ ಮಾತು ನಾಲ್ಕು ದಿಕ್ಕಿನ ಧ್ವನಿವರ್ಧಕಗಳಲ್ಲಿ ಮೊಳಗಿತು. ಜನ ಅವಳತ್ತ ಕೂಗಾಡಿದರು. ಯಾರೋ ಮಣ್ಣಿನ ಹೆಂಟೆ ಎಸೆದರು. ಅವಳು ಒಂದು ಸಲ ವೇದಿಕೆಯ ಕಡೆ ನೋಡಿದಳು. ಅಂಕಪಟ್ಟಿಗೆ ಸಹಿ ಹಾಕಿ, ಮನೆಗೂ ಹೋಗದೆ, ಅಲ್ಲಿಂದಲೇ ಬಸ್ಸು ಹತ್ತಿದಳು.

ಆಮೇಲೆ ವ್ಯಾಪಾರಿ ಮಗಳೊಡನೆ ಮಾತು ಬಿಟ್ಟ. ಅವಳು ಬರೆದಳು, ಫೋನ್ ಮಾಡಿದಳು. ಅವನು ಕರಗಲಿಲ್ಲ. ಅವಳ ಮದುವೆ ಗೊತ್ತಾಯಿತು. ಹೆಂಡತಿ ದೇವೀರಮ್ಮ ಒಬ್ಬಳೇ ಹೋಗಿ ಧಾರೆ ಎರೆಸಿ ಬಂದಳು. ಮದುವೆಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಒಂದು ಮಾತು ಕೇಳ್ತೀನಿ. ನೀವು ಕೂತಿದ್ದ ಕಡೆಯಿಂದ ಆ ಗೆರೆ ಕಾಣ್ತಿತ್ತಾ?" ಎಂದಳು. "ಕಾಣದೆ ಹೇಳ್ತೀನಾ?" ಎಂದ. ಅವಳು ಚೀಲ ಎತ್ತಿಕೊಂಡು ಹೋದಳು.

ಕೆಲವು ವರ್ಷ ಕಳೆದವು. ಚಂದ್ರಕಲಾಳಿಗೆ ದೊಡ್ಡ ಪಂದ್ಯಗಳಿಗೆ ಕರೆ ಬರತೊಡಗಿತು. ಆ ಪಂದ್ಯಗಳು ಟಿವಿಯಲ್ಲಿ ಬರುತ್ತಿದ್ದವು. ವ್ಯಾಪಾರಿ ಬೆಲ್ಲದ ಮಂಡಿಯ ಕೆಲಸ ಬೇಗ ಮುಗಿಸಿ ಬಂದು ಟಿವಿಯ ಮುಂದೆ ಕೂರತೊಡಗಿದ. ಮಗಳನ್ನು ನೋಡುವ ಆಸೆ ಎಂದು ದೇವೀರಮ್ಮ ಒಳಗೊಳಗೇ ಸಂತೋಷಪಟ್ಟಳು. ಅವನ ಮನಸ್ಸಿನಲ್ಲಿದ್ದುದು ಬೇರೆ. ಅವಳು ಒಂದು ಸಲವಾದರೂ ತಪ್ಪು ತೀರ್ಪು ಕೊಡುತ್ತಾಳೆ, ಅದನ್ನು ಹಿಡಿಯಬೇಕು ಎಂದು ಕಾಯುತ್ತಿದ್ದ. ಒಂದು ತಪ್ಪು ಸಿಕ್ಕಿದರೆ ಸಾಕಿತ್ತು. ಅವತ್ತೂ ಹೀಗೇ ತಪ್ಪಿದ್ದಳು ಎನ್ನಬಹುದಿತ್ತು. ಮಾತು ಬಿಟ್ಟದ್ದು ಸರಿ ಎಂದು ಮಲಗಬಹುದಿತ್ತು.

ಆದರೆ ಹಳೆಯ ಟಿವಿಯಲ್ಲಿ ಅವಳು ಬೆರಳಿನಷ್ಟು ಕಾಣುತ್ತಿದ್ದಳು. ಗೆರೆ ಒಂದು ಮಂಕು ಎಳೆ. ಯಾವ ಕಾಲು ಎಲ್ಲಿದೆಯೆಂದು ದೇವರೇ ಹೇಳಬೇಕು.

ಪೇಟೆಯಲ್ಲಿ ಅನ್ವರ್ ಎಂಬವನ ಟಿವಿ ಅಂಗಡಿ ಇತ್ತು. ವ್ಯಾಪಾರಿ ಅಲ್ಲಿಗೆ ಹೋಗಿ, "ದೊಡ್ಡದು ಕೊಡು," ಎಂದ. ಅನ್ವರ್ ಕೊಟ್ಟ. ಮನೆಗೆ ತಂದು ಹಾಕಿದರೆ ಚಂದ್ರಕಲಾ ಗೇಣಿನಷ್ಟಾದಳು, ಆದರೆ ಮುಖವೆಲ್ಲ ಚೌಕ ಚೌಕ. ಗೆರೆ ಹಗ್ಗದಷ್ಟು ದಪ್ಪವಾಯಿತು, ಅದರ ಅಂಚು ಮಾತ್ರ ಸಿಕ್ಕಲಿಲ್ಲ. ವ್ಯಾಪಾರಿ ಮತ್ತೆ ಅಂಗಡಿಗೆ ಹೋಗಿ ಗದರಿದ. ಅನ್ವರ್ ಸಮಾಧಾನದಿಂದ, "ಚಿತ್ರದಲ್ಲಿ ಇರೋ ಚುಕ್ಕಿ ಅಷ್ಟೇ ಗೌಡ್ರೇ. ಪರದೆ ಹಿಗ್ಗಿಸಿದರೆ ಚುಕ್ಕಿನೂ ಹಿಗ್ಗತ್ತೆ. ಇಲ್ಲದ್ದು ಎಲ್ಲಿಂದ ಬರತ್ತೆ?" ಎಂದ.

"ಹಾಗಾದರೆ ಚುಕ್ಕಿ ಜಾಸ್ತಿ ಇರೋದು ಕೊಡು."

ಅಂಗಡಿಯಲ್ಲಿ ಅಂಥದೊಂದು ಉರಿಯುತ್ತಿತ್ತು. ಪರದೆ ಚಿಕ್ಕದು, ಆದರೆ ಮೂಗು ತಾಕುವಷ್ಟು ಹತ್ತಿರ ನಿಂತು ನೋಡಿದಾಗ ಅದರಲ್ಲಿ ನಡೆಯುತ್ತಿದ್ದ ಹೆಂಗಸಿನ ಸೀರೆಯ ಎಳೆ ಎಳೆಯೂ ಕಂಡಿತು. ವ್ಯಾಪಾರಿ ಬೆರಗಾಗಿ ಅದನ್ನೇ ಹೊತ್ತು ತಂದ. ಮನೆಯಲ್ಲಿ ಎಂದಿನಂತೆ ಹಜಾರದ ಆ ತುದಿಯ ದಿವಾನದ ಮೇಲೆ ಕಾಲು ಚಾಚಿ ಕೂತು ನೋಡಿದ. ಹಳೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸ ತೋರಲಿಲ್ಲ. ಕಣ್ಣು ಕಿರಿದು ಮಾಡಿದ, ಅಗಲ ಮಾಡಿದ. ಅಷ್ಟೇ.

ಈ ಸಲ ಅನ್ವರನೇ ಮನೆಗೆ ಬಂದ. ಹಜಾರದ ಉದ್ದ ನೋಡಿದ, ದಿವಾನ ನೋಡಿದ. ನಕ್ಕ.

"ಅಲ್ಲಿ ಕೂತರೆ ಎಷ್ಟು ಚುಕ್ಕಿ ಇದ್ದರೂ ಕಣ್ಣಿಗೆ ಗೊತ್ತಾಗಲ್ಲ ಗೌಡ್ರೇ. ಇಷ್ಟು ನಿಚ್ಚಳ ಇರೋದನ್ನ ದೊಡ್ಡ ಪರದೆಯಲ್ಲೇ ನೋಡಬೇಕು. ಎದ್ದು ಬಂದು ಹತ್ತಿರಾನೂ ಕೂರಬೇಕು. ಎರಡೂ ಆಗದೆ ಇದ್ದರೆ ಹಳೇದೇ ಸಾಕು."

ವ್ಯಾಪಾರಿ ಅದನ್ನೂ ಮಾಡಿದ. ಗೋಡೆಯ ಅರ್ಧ ತುಂಬುವಂಥದ್ದು ಬಂತು. ಪ್ರಸಾರವೂ ಆ ವೇಳೆಗೆ ಸುಧಾರಿಸಿತ್ತು. ದಿವಾನದ ಸಹವಾಸ ಬಿಟ್ಟು, ಬೆತ್ತದ ಕುರ್ಚಿಯೊಂದನ್ನು ಪರದೆಯ ಮುಂದಕ್ಕೆ ಎಳೆದುಕೊಂಡ. ಪಂದ್ಯಗಳ ಹೊಸ ಋತು ಶುರುವಾಯಿತು.

ಈಗ ಎಲ್ಲವೂ ಕಂಡಿತು. ಅಂಕಣದ ಹಾಸಿನ ಮೇಲೆ ಬಿದ್ದ ಬೆವರಿನ ಹನಿ ಕಂಡಿತು. ಆಟಗಾರರ ಕಾಲಿಗೆ ಸುತ್ತಿದ ಪಟ್ಟಿಯ ನೇಯ್ಗೆ ಕಂಡಿತು. ಗೆರೆಯ ಒಳ ಅಂಚು ಬೇರೆ, ಹೊರ ಅಂಚು ಬೇರೆ ಕಂಡವು. ಚಂದ್ರಕಲಾ ತೆರೆಯ ಮೇಲೆ ಬಂದಾಗ ವ್ಯಾಪಾರಿ ಒಂದು ಕ್ಷಣ ತಡೆದ. ಅವಳ ಕಿವಿಯ ಬಳಿ ನಾಲ್ಕಾರು ಬಿಳಿಗೂದಲು ಬಂದಿದ್ದವು. ಕನ್ನಡಕ ಬಂದಿತ್ತು. ಇದು ಯಾವಾಗ ಆಯಿತು ಎಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಬದಿಗೊತ್ತಿ, ಅವಳ ಸೀಟಿಗೆ ಕಿವಿಗೊಟ್ಟು ಕೂತ.

ಪಂದ್ಯದ ಮೇಲೆ ಪಂದ್ಯ ನೋಡಿದ. ಅವಳು ಕೈ ಎತ್ತಿದಾಗಲೆಲ್ಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ತಪ್ಪು ಸಿಕ್ಕಲಿಲ್ಲ. ಮೊದಮೊದಲು ಬೇಸರವಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಇನ್ನಷ್ಟು ಗಮನವಿಟ್ಟು ನೋಡಿದ.

ಒಂದು ಭಾನುವಾರ ದೊಡ್ಡ ಪಂದ್ಯವಿತ್ತು. ಒಬ್ಬ ಹೆಸರಾಂತ ಆಟಗಾರ ರೈಡಿಗೆ ಹೋದ. ಬದಿಯ ಗೆರೆಯ ಹತ್ತಿರ ಓಡಿ, ಮೈ ತಿರುಗಿಸಿ, ಒಬ್ಬನ ಹೆಗಲು ಮುಟ್ಟಿ, ಹಾರಿ ವಾಪಸು ಬಂದ. ಕ್ರೀಡಾಂಗಣ ಗುಡುಗಿತು. ಮೈ ತಿರುಗಿಸುವಾಗ ಆ ಆಟಗಾರನ ಹಿಮ್ಮಡಿ ಕೆಳಗಿಳಿದು, ಗೆರೆಯ ಹೊರಗಿನ ನೆಲವನ್ನು ತುಸುವೇ ತಾಕಿ, ಮೇಲೆದ್ದಿತ್ತು. ಅದಾದ ಮೇಲೆ ಅವನು ಹೆಗಲು ಮುಟ್ಟಿದ್ದ.

"ಔಟ್!" ಎಂದು ವ್ಯಾಪಾರಿ ಕೂಗಿ ಎದ್ದು ನಿಂತ.

ಅವನ ಕೂಗಿನ ಜೊತೆಗೇ ಸೀಟಿ ಕೇಳಿಸಿತು. ಚಂದ್ರಕಲಾ ಕೈ ಎತ್ತಿದ್ದಳು.

ಜನ ಬೊಬ್ಬೆ ಹಾಕಿದರು. ಆಟಗಾರರು ಅವಳನ್ನು ಸುತ್ತುವರಿದು ಕೈ ಆಡಿಸಿ ಮಾತಾಡಿದರು. ಮೇಲಿನ ಸಾಲುಗಳಲ್ಲಿ ಒಬ್ಬ ಮುದುಕ ಎದ್ದು ನಿಂತು, ಕೊರಳಿನ ನರ ಉಬ್ಬಿಸಿ, ಇಲ್ಲ ಇಲ್ಲ ಎಂದು ಬೆರಳಾಡಿಸುತ್ತಿದ್ದ. ಅವನು ಕೂತಿದ್ದ ಜಾಗಕ್ಕೂ ಆ ಗೆರೆಗೂ ನಡುವೆ ಒಂದು ಊರೇ ಕೂರುವಷ್ಟು ದೂರವಿತ್ತು. ವ್ಯಾಪಾರಿ ಆ ಮುದುಕನನ್ನು ನೋಡಿದ. ನೋಡುತ್ತಲೇ ಮತ್ತೆ ಕುರ್ಚಿಯಲ್ಲಿ ಕೂತ.

ದೇವೀರಮ್ಮ ಒಳಗಿನಿಂದ ಓಡಿ ಬಂದಳು.

"ಏನಾಯ್ತು? ಯಾಕೆ ಹಂಗೆ ಕೂಗಿದ್ರಿ?"

ಅವನು ಪರದೆಯ ಮೇಲಿನ ಆ ಮುದುಕನತ್ತ ಬೆರಳು ತೋರಿಸಿದ. ಆಮೇಲೆ, "ನನಗೆ ಕಾಣ್ತಿರಲಿಲ್ಲ ಕಣೇ. ಅವತ್ತು ನನಗೆ ಏನೂ ಕಾಣ್ತಿರಲಿಲ್ಲ," ಎಂದ.

ಮರುದಿನ ಮಂಡಿ ತೆರೆಯಲಿಲ್ಲ. ಒಗೆದ ಪಂಚೆ ಉಟ್ಟು, ಹೆಂಡತಿಯಿಂದ ವಿಳಾಸ ಕೇಳಿಕೊಂಡು, ಮಗಳ ಊರಿಗೆ ಹೋದ. ಪಂದ್ಯ ಮುಗಿಸಿ ಬಂದಿದ್ದ ಚಂದ್ರಕಲಾ ಬಾಗಿಲು ತೆರೆದಳು. ಅಪ್ಪನನ್ನು ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕಣ್ಣು ತುಂಬಿತು. ಬಗ್ಗಿ ಕಾಲು ಮುಟ್ಟಿದಳು.

ಅವನು ಒಳಗೆ ಕೂತ. ನೀರು ಕುಡಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದ.

"ಅವತ್ತು ಆ ಹುಡುಗ ಔಟೇ ಆಗಿದ್ದ ಕಣವ್ವ. ನೀನು ಹೇಳಿದ್ದೇ ಸರಿ. ಅಷ್ಟು ಜನದ ಮುಂದೆ ನಿನ್ನನ್ನ ಹಂಗೆ ಅಂದುಬಿಟ್ಟೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ಅವಳು ಕಾದಿದ್ದ ಮಾತು ಅದು. ನಿಧಾನವಾಗಿ ಕೇಳಿದಳು.

"ಈಗ ಹೆಂಗೆ ಗೊತ್ತಾಯ್ತು ಅಪ್ಪ?"

ವ್ಯಾಪಾರಿಯ ಮುಖ ಅರಳಿತು.

"ದೊಡ್ಡ ಟಿವಿ ತಂದಿದೀನಿ. ಒಂದೊಂದು ಎಳೆನೂ ಕಾಣತ್ತೆ. ನೆನ್ನೆ ಅದೇ ಥರದ್ದು ಒಂದು ರೈಡ್ ಬಂತಲ್ಲ, ಹಿಮ್ಮಡಿ ತಾಕಿದ್ದು ನಾನೇ ನೋಡಿದೆ. ನಿನಗಿಂತ ಮುಂಚೆ ನಾನೇ ಔಟ್ ಅಂದೆ. ಆವಾಗ ತಿಳೀತು, ಅವತ್ತೂ ಇದೇ ಆಗಿರಬೇಕು ಅಂತ."

ಅವಳು ಅಪ್ಪನನ್ನು ಕೊಂಚ ಹೊತ್ತು ನೋಡಿದಳು. "ಹೌದಾ ಅಪ್ಪ," ಎಂದಳು. ಎದ್ದು ಹೋಗಿ ಎಲೆ ಹಾಕಿದಳು. ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅವನು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಅಲ್ಲಿಂದಾಚೆಗೆ ಹೋಗಿ ಬರುವುದು ಶುರುವಾಯಿತು. ಹಬ್ಬಕ್ಕೆ ಮಗಳು, ಅಳಿಯ ಬಂದರು. ದೇವೀರಮ್ಮ ಒಬ್ಬಟ್ಟು ಮಾಡಿದಳು. ವ್ಯಾಪಾರಿ ಬಂದವರಿಗೆಲ್ಲ ಆ ಟಿವಿ ತೋರಿಸಿ, ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ವಸ್ತು ಕೊಂಡಿಲ್ಲ ಎಂದು ಹೇಳಿದ. ಮಗಳನ್ನು ಮತ್ತೆ ಮನೆಗೆ ಕರೆತಂದದ್ದು ಇದೇ ಎಂದ. ಚಂದ್ರಕಲಾ ಅಪ್ಪನ ಆರೋಗ್ಯ ವಿಚಾರಿಸಿದಳು, ಔಷಧಿ ತಂದುಕೊಟ್ಟಳು, ಅವನು ಕರೆದಾಗಲೆಲ್ಲ ಬಂದಳು. ಯಾವುದಕ್ಕೂ ಕೊರತೆ ಮಾಡಲಿಲ್ಲ. ತನ್ನ ಪಂದ್ಯಗಳ ಮಾತನ್ನು ಮಾತ್ರ ಅವನ ಮುಂದೆ ಎತ್ತುತ್ತಿರಲಿಲ್ಲ. ಅವನಾಗಿ ಕೇಳಿದರೆ, "ಟಿವಿಯಲ್ಲಿ ನೋಡಿದ್ಯಲ್ಲ ಅಪ್ಪ," ಎಂದು ನಕ್ಕು ಬೇರೆ ಮಾತಿಗೆ ಹೊರಳುತ್ತಿದ್ದಳು. ವ್ಯಾಪಾರಿಗೆ ಅದು ವಿಶೇಷವೆನಿಸಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಮರುಳಸಿದ್ಧನ ಮುಖದಲ್ಲಿ ಗೆಲುವಿತ್ತು. ಅವನಿಗೆ ಉತ್ತರ ಸಿಕ್ಕಿತ್ತು. ಮಸುಕು ಚಿತ್ರಕ್ಕೆ ದೊಡ್ಡ ಪರದೆ ದಂಡ. ನಿಚ್ಚಳ ಚಿತ್ರಕ್ಕೆ ದೊಡ್ಡ ಪರದೆ ಬೇಕು, ಹತ್ತಿರ ಕೂರುವುದೂ ಬೇಕು. ನಿಲಯದ ಕೋಣೆ ಕಿರಿದಾದದ್ದು, ಹತ್ತಿರವೇ ಕೂರುತ್ತಾರೆ. ದೊಡ್ಡದನ್ನೇ ತರಿಸಬಹುದು.

"ಹಾಗಾದರೆ ಆ ದೊಡ್ಡ ಟಿವಿ ಸಾರ್ಥಕವಾಯಿತು, ಗುರುಗಳೇ," ಎಂದ. "ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದಲೇ ಅವನು ಮಗಳನ್ನು ನಂಬಿದ."

ಗುರುಗಳು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು.

"ಅಷ್ಟು ಸ್ಪಷ್ಟವಾಗಿ ಕಂಡ ಮೇಲೆ ನಂಬುವುದಕ್ಕೆ ಅಪ್ಪನೇ ಬೇಕಿತ್ತೇ, ಮರುಳಸಿದ್ಧ?"